ಸ್ಪಂಜಿನಲ್ಲಿ ಉಳಿದ ಬಣ್ಣ

ಚಿಟ್ಟೆಯ ಮೇಲಿನ ರೆಕ್ಕೆಗಳು ಹಳದಿ ಬಂದಿದ್ದವು. ಕೆಳಗಿನವು ಬಿಳಿಚಿಕೊಂಡಿದ್ದವು. ಮಗಳ ಶಾಲೆಯ ಪ್ರಾಜೆಕ್ಟಿಗೆ ಅಂತ ಪ್ರಿಂಟ್ ತೆಗೆಯುತ್ತಿದ್ದ ಚಿತ್ರ ಅದು. ಕಾಗದ ಪೂರ್ತಿ ಹೊರಗೆ ಬರುವ ಮೊದಲೇ ಪ್ರಿಂಟರಿನ ಕೆಂಪು ದೀಪ ಮಿನುಗತೊಡಗಿತು. ಬಣ್ಣದ ಕಾರ್ಟ್ರಿಡ್ಜ್ ಖಾಲಿಯಾಗಿದೆ, ಹೊಸದು ಹಾಕಿ ಅಂತ ಸೂಚನೆ ಬಂತು.

ಕಾರ್ಟ್ರಿಡ್ಜ್ ತೆಗೆದು ಕಸದ ಬುಟ್ಟಿಗೆ ಹಾಕಲು ಹೊರಟಿದ್ದೆ. ಮಗಳು ಅದನ್ನು ಕೈಯಿಂದ ಕಿತ್ತುಕೊಂಡಳು. ಒದ್ದೆ ಟಿಶ್ಯೂ ಮೇಲೆ ಅದರ ತಳವನ್ನು ಒತ್ತಿದಳು. ನೀಲಿಯ ಒಂದು ದಪ್ಪ ಗೆರೆ ಬಂತು, ಪಕ್ಕದಲ್ಲೇ ಗುಲಾಬಿಯ ಇನ್ನೊಂದು ಗೆರೆ. ಹಳದಿ ಇರಬೇಕಾದ ಜಾಗದಲ್ಲಿ ಮಾತ್ರ ಏನೋ ಮಸುಕು ಗುರುತು.

"ಅಪ್ಪಾ, ಎರಡು ಬಣ್ಣ ಇನ್ನೂ ಇದೆ ಅಲ್ವಾ? ಮತ್ತೆ ಖಾಲಿ ಅಂತ ಯಾಕೆ ಹೇಳ್ತಿದೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಲ್ಲಿಯವರೆಗೆ ಪ್ರಿಂಟರ್ ಖಾಲಿ ಅಂದರೆ ನಾನೂ ಖಾಲಿ ಅಂತಲೇ ನಂಬಿದ್ದೆ. ಆ ಟಿಶ್ಯೂ ಮೇಲಿನ ಎರಡು ಗೆರೆ ನೋಡಿದ ಮೇಲೆ ಹಾಗೆ ನಂಬಲು ಆಗಲಿಲ್ಲ. ಮನೆಯಲ್ಲೇ ಇಂಕ್ ತುಂಬುವ ಕೆಲಸಕ್ಕೆ ನಾನು ಕೈ ಹಾಕಿದ್ದು ಹೀಗೆ. ಹಣ ಉಳಿಯುತ್ತದೆ ಅನ್ನುವುದು ನಿಜ, ಅದೂ ಮುಖ್ಯವೇ. ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಮಗಳ ಆ ಪ್ರಶ್ನೆ.

ಮೂರು ಬಣ್ಣದ ಕಾರ್ಟ್ರಿಡ್ಜ್ ಅಂದರೆ ಒಂದೇ ಡಬ್ಬಿಯಲ್ಲಿ ಮೂರು ಕೋಣೆ. ಸಯಾನ್ ಅನ್ನುವ ನೀಲಿ, ಮಜೆಂಟಾ ಅನ್ನುವ ಗುಲಾಬಿ, ಮತ್ತೆ ಹಳದಿ. ಮೂರರಲ್ಲಿ ಯಾವುದೇ ಒಂದು ಮುಗಿದರೂ ಬಣ್ಣಗಳ ಹದ ಕೆಡುತ್ತದೆ. ಹಾಗಾಗಿ ಇಡೀ ಡಬ್ಬಿಗೆ ನಿವೃತ್ತಿ. ಉಳಿದ ಎರಡು ಬಣ್ಣ ಅದರ ಜೊತೆಗೇ ಹೋಗುತ್ತವೆ.

ಹೋಗುವುದು ಬಣ್ಣ ಮಾತ್ರ ಆಗಿದ್ದರೆ ನನಗೆ ಇಷ್ಟು ಬೇಜಾರಾಗುತ್ತಿರಲಿಲ್ಲ. ಎಚ್‌ಪಿಯ ಅನೇಕ ಮನೆ ಪ್ರಿಂಟರುಗಳಲ್ಲಿ, ಕ್ಯಾನನ್‌ನ ಕೆಲವು ಮಾಡೆಲ್‌ಗಳಲ್ಲಿ, ಇಂಕ್ ಚಿಮ್ಮಿಸುವ ಭಾಗವಾದ ಪ್ರಿಂಟ್ ಹೆಡ್ ಇರುವುದೇ ಕಾರ್ಟ್ರಿಡ್ಜಿನ ತಳದಲ್ಲಿ. ತಿರುಗಿಸಿ ನೋಡಿದರೆ ಉಗುರಿನಷ್ಟು ಅಗಲದ ಒಂದು ತಗಡಿನಂಥ ಭಾಗ ಕಾಣುತ್ತದೆ. ಅದರಲ್ಲಿ ನೂರಾರು ರಂಧ್ರಗಳಿವೆ. ಒಂದೊಂದೂ ನಮ್ಮ ತಲೆಗೂದಲಿಗಿಂತ ಸಣ್ಣದು. ಪ್ರತಿ ರಂಧ್ರದ ಹಿಂದೆ ಒಂದು ಪುಟಾಣಿ ಹೀಟರ್. ಅದು ಸೆಕೆಂಡಿನ ಕೆಲವೇ ದಶಲಕ್ಷಾಂಶದಷ್ಟು ಹೊತ್ತು ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗೆ ಕಾಯುತ್ತದೆ. ತಾಗಿದ ಇಂಕ್ ಕುದಿದು ಗುಳ್ಳೆಯಾಗುತ್ತದೆ. ಗುಳ್ಳೆ ಒಂದು ಹನಿಯನ್ನು ಹೊರಕ್ಕೆ ತಳ್ಳುತ್ತದೆ. ಗುಳ್ಳೆ ಕುಸಿದಾಗ ಹಿಂದಿನಿಂದ ಹೊಸ ಇಂಕ್ ಬಂದು ಜಾಗ ತುಂಬುತ್ತದೆ. ಇದೆಲ್ಲ ಒಂದು ಸೆಕೆಂಡಿನಲ್ಲಿ ಸಾವಿರಾರು ಸಲ.

ಆ ಹನಿಯ ಅಳತೆ ಕೆಲವೇ ಪಿಕೋಲೀಟರ್. ಪಿಕೋಲೀಟರ್ ಅಂದರೆ ಲೀಟರಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಒಂದು ಹನಿ 4 ಪಿಕೋಲೀಟರ್ ಅಂತ ಇಟ್ಟುಕೊಂಡರೆ, ಒಂದು ಮಿಲಿಲೀಟರ್ ಇಂಕಿನಿಂದ 25 ಕೋಟಿ ಹನಿ ಆಗುತ್ತದೆ. ಈ ಲೆಕ್ಕವನ್ನು ನಾನು ಕಾಗದದ ಮೇಲೆ ಎರಡು ಸಲ ಮಾಡಿ ನೋಡಿದೆ. ಇಷ್ಟು ನಾಜೂಕಾದ ವಸ್ತುವನ್ನು, ಒಂದು ಚಮಚದಷ್ಟು ಬಣ್ಣದ ನೀರು ಮುಗಿಯಿತು ಅಂತ ಎಸೆಯುತ್ತಿದ್ದೆನಲ್ಲ ಅಂತ ಆವತ್ತು ನಿಜಕ್ಕೂ ಸಂಕಟವಾಯಿತು.

ಈ ವಿದ್ಯೆ ಶುರುವಾದ ಬಗೆಯನ್ನೂ ಹೇಳಬೇಕು. 1977ರಲ್ಲಿ ಕ್ಯಾನನ್ ಕಂಪನಿಯ ಪ್ರಯೋಗಾಲಯದಲ್ಲಿ ಇಚಿರೊ ಎಂಡೊ ಅನ್ನುವ ಸಂಶೋಧಕರಿದ್ದರು. ಅಲ್ಲಿ ಬಿಸಿ ಸೋಲ್ಡರಿಂಗ್ ಕಡ್ಡಿ ಅಕಸ್ಮಾತ್ತಾಗಿ ಇಂಕ್ ತುಂಬಿದ ಸಿರಿಂಜಿನ ಸೂಜಿಗೆ ತಾಗಿತು. ಸೂಜಿಯ ತುದಿಯಿಂದ ಇಂಕ್ ಚಿಮ್ಮಿತು. ಬಿಸಿಯಿಂದ ಇಂಕ್ ಚಿಮ್ಮಿಸಬಹುದು ಅನ್ನುವ ಯೋಚನೆ ಅವರಿಗೆ ಹೊಳೆದದ್ದು ಅಲ್ಲಿಂದ. ಎಚ್‌ಪಿಯವರೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ ತಮ್ಮದೇ ದಾರಿಯಲ್ಲಿ ಇಲ್ಲಿಗೆ ಬಂದರು. 1984ರಲ್ಲಿ ಅವರ ಥಿಂಕ್‌ಜೆಟ್ ಪ್ರಿಂಟರ್ ಬಂತು. ಮೇಜಿನ ಮೇಲೆ ಇಂಕ್ ತುಂಬಿದ ಸಿರಿಂಜ್ ಹಿಡಿದು ಕೂತಾಗಲೆಲ್ಲ ನನಗೆ ಆ ಪ್ರಯೋಗಾಲಯ ನೆನಪಾಗುತ್ತದೆ.

ಎಪ್ಸನ್‌ನವರ ದಾರಿ ಬೇರೆ. ಅವರ ಹೆಡ್‌ನಲ್ಲಿ ಬಿಸಿ ಮಾಡುವುದಿಲ್ಲ. ವಿದ್ಯುತ್ ಹರಿದರೆ ಬಾಗುವ ಪೀಜೋ ಹರಳು ಇಂಕನ್ನು ಒತ್ತುತ್ತದೆ. ಆ ಹೆಡ್ ಪ್ರಿಂಟರಿನಲ್ಲೇ ಇರುತ್ತದೆ, ಕಾರ್ಟ್ರಿಡ್ಜ್ ಬರೀ ಇಂಕಿನ ಡಬ್ಬಿ. ಹಾಗಾಗಿ ಅಲ್ಲಿ ತುಂಬುವುದು ಸುಲಭ. ಆದರೆ ತಪ್ಪಾದರೆ ಕೆಡುವುದು ಕಾರ್ಟ್ರಿಡ್ಜ್ ಅಲ್ಲ, ಪ್ರಿಂಟರೇ. ನಾನು ಕಲಿತದ್ದು ಹೆಡ್ ಇರುವ ಕಾರ್ಟ್ರಿಡ್ಜಿನಲ್ಲಿ. ಅದರ ಬಗ್ಗೆಯೇ ಹೇಳುತ್ತೇನೆ.

ಮೊದಲ ಸಲ ನಾನು ಮಾಡಿದ್ದು ಪೂರ್ತಿ ತಪ್ಪು. ಮೇಜಿನ ಮೇಲೆ ಹಳೆ ಪತ್ರಿಕೆ ಹರಡಿದೆ. ಲೇಬಲ್ ಸುಲಿದೆ. ಮೇಲೆ ಮೂರು ಸಣ್ಣ ತೂತುಗಳು ಕಂಡವು. ಯಾವ ತೂತು ಯಾವ ಬಣ್ಣದ್ದು ಅಂತ ಊಹೆ ಮಾಡಿಕೊಂಡೆ. ಸಿರಿಂಜಿನಲ್ಲಿ ಹಳದಿ ತುಂಬಿಕೊಂಡು ಒಂದೇ ಸಲಕ್ಕೆ ಒತ್ತಿಬಿಟ್ಟೆ. ಹಳದಿ ಇಂಕ್ ಉಕ್ಕಿ ಪಕ್ಕದ ತೂತಿಗೆ ಹರಿಯಿತು. ತಳದಿಂದಲೂ ತೊಟ್ಟಿಕ್ಕತೊಡಗಿತು. ಆವತ್ತು ತೆಗೆದ ಪ್ರಿಂಟಿನಲ್ಲಿ ಆಕಾಶ ಹಸಿರಾಗಿ ಬಂತು. ಹತ್ತಾರು ಪುಟ ತೆಗೆದ ಮೇಲೂ ಆ ನೀಲಿ ಸರಿಯಾಗಲಿಲ್ಲ. ಆ ಕಾರ್ಟ್ರಿಡ್ಜ್ ಅಲ್ಲಿಗೆ ಮುಗಿಯಿತು.

ತಪ್ಪು ಎಲ್ಲಾಯಿತು ಅಂತ ಗೊತ್ತಾಗಬೇಕಾದರೆ ಒಳಗೆ ಏನಿದೆ ಅಂತ ತಿಳಿಯಬೇಕು. ಡಬ್ಬಿಯೊಳಗೆ ಇಂಕ್ ನೀರಿನ ಹಾಗೆ ಕುಲುಕಾಡುತ್ತಿರುತ್ತದೆ ಅಂತ ನಾನು ಅಂದುಕೊಂಡಿದ್ದೆ. ಹಾಗಿಲ್ಲ. ಪ್ರತಿ ಕೋಣೆಯಲ್ಲೂ ಒತ್ತಿ ತುಂಬಿದ ಸ್ಪಂಜ್ ಇದೆ. ಇಂಕ್ ಇರುವುದು ಸ್ಪಂಜಿನೊಳಗೆ. ತಳದಲ್ಲಿ ನೂರಾರು ತೂತು ಇದ್ದರೂ ಇಂಕ್ ಯಾಕೆ ಸೋರುವುದಿಲ್ಲ ಅನ್ನುವುದಕ್ಕೆ ಉತ್ತರವೂ ಅಲ್ಲೇ ಇದೆ. ಪಾತ್ರೆ ತೊಳೆಯುವ ಸ್ಪಂಜನ್ನು ನೀರಿನಲ್ಲಿ ಅದ್ದಿ ಎತ್ತಿ ಹಿಡಿಯಿರಿ. ಜಾಸ್ತಿ ಆದ ನೀರು ಸುರಿದು ಹೋಗುತ್ತದೆ. ಆಮೇಲೆ ನಿಲ್ಲುತ್ತದೆ. ಉಳಿದ ನೀರನ್ನು ಸ್ಪಂಜಿನ ಸಣ್ಣ ಸಣ್ಣ ರಂಧ್ರಗಳು ಹಿಡಿದುಕೊಂಡಿರುತ್ತವೆ. ಕಾರ್ಟ್ರಿಡ್ಜಿನಲ್ಲೂ ಅಷ್ಟೇ. ಸ್ಪಂಜ್ ಇಂಕನ್ನು ಸ್ವಲ್ಪ ಮೇಲಕ್ಕೆ ಎಳೆದುಕೊಂಡೇ ಇರುತ್ತದೆ. ಆ ಎಳೆತ ಜಾಸ್ತಿ ಆದರೆ ಹನಿ ಹೊರಬರುವುದಿಲ್ಲ, ಕಡಿಮೆ ಆದರೆ ಸೋರುತ್ತದೆ. ನಾನು ಭರ್ತಿ ತುಂಬಿಸಿ ಆ ಎಳೆತವನ್ನೇ ಇಲ್ಲವಾಗಿಸಿದ್ದೆ.

ಆದ್ದರಿಂದ ತುಂಬುವುದಕ್ಕೂ ಒಂದು ಹದ ಇದೆ. ಆ ಹದ ಕೈಗೆ ಬರಲು ನನಗೆ ನಾಲ್ಕೈದು ಸಲ ಬೇಕಾಯಿತು.

ಈಗ ಹೇಗೆ ಮಾಡುತ್ತೇನೆ ಅಂದರೆ, ಮೊದಲು ಒಂದು ಟೂತ್‌ಪಿಕ್ ತೆಗೆದುಕೊಂಡು ಪ್ರತಿ ತೂತಿಗೂ ಇಳಿಸಿ ನೋಡುತ್ತೇನೆ. ತುದಿಗೆ ಹತ್ತಿದ ಬಣ್ಣ ಕಂಡ ಮೇಲೆಯೇ ಸಿರಿಂಜ್ ಮುಟ್ಟುವುದು. ಬಣ್ಣದ ಜಾಗ ಮಾಡೆಲ್‌ನಿಂದ ಮಾಡೆಲ್‌ಗೆ ಬದಲಾಗುತ್ತದೆ. ಇಲ್ಲಿ ಊಹೆ ಬೇಡವೇ ಬೇಡ. ಒಂದೊಂದು ಬಣ್ಣಕ್ಕೂ ಬೇರೆ ಸಿರಿಂಜ್, ಬೇರೆ ಸೂಜಿ. ಸೂಜಿಯನ್ನು ಸ್ಪಂಜಿನೊಳಗೆ ಇಳಿಸಿ, ಇಂಕನ್ನು ಹನಿಹನಿಯಾಗಿ ಬಿಡುತ್ತೇನೆ. ಒಂದು ಮಿಲಿಲೀಟರ್ ಹೋಗಲು ಒಂದು ನಿಮಿಷವಾದರೂ ಆಗಬೇಕು. ಸ್ಪಂಜ್ ಕುಡಿಯುವಷ್ಟೇ ವೇಗದಲ್ಲಿ ನಾವು ಕೊಡಬೇಕು. ಅದಕ್ಕಿಂತ ಜೋರಾಗಿ ಕೊಟ್ಟರೆ ಗಾಳಿ ಒಳಗೆ ಸಿಕ್ಕಿಕೊಳ್ಳುತ್ತದೆ. ತೂತಿನ ಬಾಯಲ್ಲಿ ಇಂಕ್ ಮಿನುಗಿತು ಅಂದರೆ ನಿಲ್ಲಿಸಿ, ಸ್ವಲ್ಪ ವಾಪಸ್ ಎಳೆದುಕೊಳ್ಳುತ್ತೇನೆ. ಸಣ್ಣ ಬಣ್ಣದ ಕಾರ್ಟ್ರಿಡ್ಜಿನ ಒಂದು ಕೋಣೆಗೆ ಒಂದೆರಡು ಮಿಲಿಲೀಟರ್ ಸಾಕು. ತುಂಬಿ ತುಳುಕಿಸಬೇಕು ಅನ್ನುವ ಆಸೆ ಬಿಡಬೇಕು.

ಗಾಳಿಯ ವಿಷಯ ಇನ್ನೊಂದಿದೆ. ಎರಡನೇ ಸಲ ತುಂಬಿದಾಗ ಸೋರಬಾರದು ಅಂತ ಮೇಲಿನ ತೂತುಗಳಿಗೆ ಗಟ್ಟಿಯಾಗಿ ಟೇಪ್ ಅಂಟಿಸಿದ್ದೆ. ಪುಟದ ಮೊದಲರ್ಧ ಚೆನ್ನಾಗಿ ಬಂತು. ಆಮೇಲೆ ಬಣ್ಣ ಮಾಸುತ್ತಾ ಮಾಸುತ್ತಾ ಪೂರ್ತಿ ನಿಂತುಹೋಯಿತು. ಒಂದು ಗಂಟೆ ಬಿಟ್ಟರೆ ಮತ್ತೆ ಅರ್ಧ ಪುಟ. ನೀರಿನ ಲೋಟದಲ್ಲಿ ಸ್ಟ್ರಾ ಇಟ್ಟು, ಮೇಲಿನ ತುದಿಯನ್ನು ಬೆರಳಿನಿಂದ ಮುಚ್ಚಿ ಎತ್ತಿದರೆ ನೀರು ಬೀಳುವುದಿಲ್ಲವಲ್ಲ, ಅದೇ ಕಥೆ. ಇಂಕ್ ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಬೇಕು. ಕಂಪನಿಯವರ ಲೇಬಲ್ ಅಡಿಯಲ್ಲಿ ಹಾವಿನ ಹಾಗೆ ಸುತ್ತಿ ಹೋಗುವ ಸಣ್ಣ ಕಾಲುವೆಗಳಿರುತ್ತವೆ. ಗಾಳಿ ಬರುತ್ತದೆ, ಆದರೆ ಇಂಕ್ ಒಣಗುವಷ್ಟು ಬರುವುದಿಲ್ಲ. ಆ ಕಾಲುವೆಗಳನ್ನು ಮೊದಲ ಸಲ ಗಮನಿಸಿದಾಗ ಯಾರೋ ತುಂಬಾ ಯೋಚನೆ ಮಾಡಿ ಮಾಡಿದ ಕೆಲಸ ಅಂತ ಗೌರವ ಬಂತು. ಈಗ ನಾನು ಆ ಲೇಬಲ್ಲನ್ನು ಹರಿಯದೆ ನಿಧಾನವಾಗಿ ಎತ್ತಿ, ಕೆಲಸ ಮುಗಿದ ಮೇಲೆ ಅದನ್ನೇ ವಾಪಸ್ ಅಂಟಿಸುತ್ತೇನೆ.

ತುಂಬಿದ ಮೇಲೆ ಕಾರ್ಟ್ರಿಡ್ಜನ್ನು ತಳ ಕೆಳಗೆ ಮಾಡಿ ಮಡಿಸಿದ ಟಿಶ್ಯೂ ಮೇಲೆ ಇಡುತ್ತೇನೆ. ಐದಾರು ನಿಮಿಷದಲ್ಲಿ ಮೂರು ಗೆರೆ ಸ್ಪಷ್ಟವಾಗಿ ಬರಬೇಕು. ತಳವನ್ನು ಉಜ್ಜಬಾರದು. ಒತ್ತಿ ತೆಗೆಯಬೇಕು, ಅಷ್ಟೇ. ಉಜ್ಜಿದರೆ ಒಂದು ಬಣ್ಣ ಇನ್ನೊಂದರ ರಂಧ್ರಕ್ಕೆ ಹೋಗುತ್ತದೆ. ಪಕ್ಕದಲ್ಲಿರುವ ತಾಮ್ರದ ಬಣ್ಣದ ಚುಕ್ಕೆಗಳೇ ಪ್ರಿಂಟರಿನ ಜೊತೆ ಮಾತಾಡುವ ಜಾಗ. ಅವಕ್ಕೆ ಇಂಕ್ ಹತ್ತಿದ್ದರೆ ಡಿಸ್ಟಿಲ್ಡ್ ನೀರಿನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಒರೆಸುತ್ತೇನೆ. ನಲ್ಲಿ ನೀರು ಬೇಡ, ಅದರ ಲವಣ ಒಣಗಿ ಕೂರುತ್ತದೆ.

ಆಮೇಲೆ ನಾಜಲ್ ಚೆಕ್. ಪ್ರಿಂಟರ್ ಒಂದೊಂದು ಬಣ್ಣದಲ್ಲೂ ಸಣ್ಣ ಸಣ್ಣ ಗೆರೆಗಳ ಪುಟ ತೆಗೆದುಕೊಡುತ್ತದೆ. ಗೆರೆ ತುಂಡಾಗಿದ್ದರೆ ಅಲ್ಲಿನ ರಂಧ್ರ ಕಟ್ಟಿಕೊಂಡಿದೆ ಅಂತ ಅರ್ಥ. ಬಿಳಿ ಕಾಗದದ ಮೇಲೆ ಹಳದಿ ಗೆರೆ ಮಾತ್ರ ಕಾಣುವುದೇ ಇಲ್ಲ, ಎಷ್ಟು ಕಣ್ಣು ಕಿರಿದು ಮಾಡಿದರೂ ಅಷ್ಟೇ. ಇದಕ್ಕೆ ಮಗಳು ಒಂದು ಉಪಾಯ ಕಂಡುಕೊಂಡಳು. ಉಡುಗೊರೆಗೆ ಸುತ್ತಿ ಬಂದಿದ್ದ ನೀಲಿ ಸೆಲೋಫೇನ್ ಹಾಳೆಯನ್ನು ಕಣ್ಣಿಗೆ ಹಿಡಿದು ನೋಡಿದಳು. ಹಳದಿ ಇಂಕ್ ನೀಲಿ ಬೆಳಕನ್ನು ಹೀರಿಕೊಳ್ಳುತ್ತದೆ. ಹಾಗಾಗಿ ನೀಲಿ ಹಾಳೆಯ ಮೂಲಕ ಹಳದಿ ಗೆರೆ ಕಪ್ಪಾಗಿ ಎದ್ದು ಕಾಣುತ್ತದೆ. ಆ ಹಾಳೆಯ ಒಂದು ತುಂಡು ಈಗ ಇಂಕಿನ ಡಬ್ಬಿಯಲ್ಲೇ ಇರುತ್ತದೆ.

ಗೆರೆ ತುಂಡಾಗಿದ್ದರೆ ಹೆಡ್ ಕ್ಲೀನಿಂಗ್ ಬಟನ್ ಒತ್ತುವುದು ಸುಲಭ. ಆದರೆ ಅದಕ್ಕೂ ಇಂಕ್ ಖರ್ಚಾಗುತ್ತದೆ. ಪ್ರಿಂಟರ್ ತಳದಲ್ಲಿ ಹತ್ತಿಯಂಥ ಒಂದು ಪ್ಯಾಡ್ ಇರುತ್ತದೆ, ಎಳೆದು ಹಾಕಿದ ಇಂಕೆಲ್ಲ ಅಲ್ಲಿಗೆ ಹೋಗಿ ಸೇರುತ್ತದೆ. ಒಂದಾದ ಮೇಲೆ ಒಂದು ಐದಾರು ಸಲ ಒತ್ತುವುದು ನನಗೆ ಸರಿ ಕಾಣುವುದಿಲ್ಲ. ಎರಡು ಸಲ ಒತ್ತಿ, ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ನೋಡಿ. ಸಿಕ್ಕಿಕೊಂಡ ಗಾಳಿ ಎಷ್ಟೋ ಸಲ ತಾನಾಗಿಯೇ ಮೇಲಕ್ಕೆ ಬಂದಿರುತ್ತದೆ.

ಇಂಕಿನ ಜಾತಿಯ ಬಗ್ಗೆಯೂ ಎಚ್ಚರ ಬೇಕು. ಡೈ ಇಂಕಿನಲ್ಲಿ ಬಣ್ಣ ನೀರಿನಲ್ಲಿ ಪೂರ್ತಿ ಕರಗಿರುತ್ತದೆ. ಪಿಗ್ಮೆಂಟ್ ಇಂಕಿನಲ್ಲಿ ಬಣ್ಣದ ನುಣ್ಣನೆಯ ಕಣಗಳು ತೇಲುತ್ತಿರುತ್ತವೆ. ಬಣ್ಣದ ಕಾರ್ಟ್ರಿಡ್ಜಿನಲ್ಲಿ ಸಾಮಾನ್ಯವಾಗಿ ಡೈ ಇರುತ್ತದೆ, ಅಕ್ಷರಕ್ಕೆ ಬಳಸುವ ಕಪ್ಪಿನಲ್ಲಿ ಹೆಚ್ಚಾಗಿ ಪಿಗ್ಮೆಂಟ್. ಕಪ್ಪು ಅಂದರೆ ಕಪ್ಪು ತಾನೇ ಅಂತ ನಾನು ಒಮ್ಮೆ ಪಿಗ್ಮೆಂಟ್ ಕಾರ್ಟ್ರಿಡ್ಜಿಗೆ ಡೈ ತುಂಬಿದೆ. ಅಕ್ಷರದ ಅಂಚು ಕಾಗದದ ನಾರಿನಲ್ಲಿ ಹರಡಿ ಮಬ್ಬಾಯಿತು. ಮೇಲೆ ಒಂದು ಹನಿ ನೀರು ಬಿದ್ದ ಅರ್ಜಿಯಲ್ಲಿ ನನ್ನ ಹೆಸರೇ ಕಲೆಯಾಗಿ ಹೋಯಿತು. ಎರಡು ಜಾತಿಯನ್ನು ಬೆರೆಸಿದರೆ ಕಣಗಳು ಗಂಟು ಕಟ್ಟಿ ರಂಧ್ರಗಳನ್ನೇ ಮುಚ್ಚಿಬಿಡಬಹುದು. ಬಾಟಲಿ ಮೇಲೆ ಬರೆದಿರುವುದನ್ನು ಓದಿಯೇ ಕೊಳ್ಳಿ.

ಇನ್ನು ಮಗಳ ಪ್ರಶ್ನೆಗೆ ಬರುತ್ತೇನೆ. ಖಾಲಿ ಅಂತ ಪ್ರಿಂಟರಿಗೆ ಹೇಗೆ ಗೊತ್ತಾಗುತ್ತದೆ?

ಹೆಚ್ಚಿನ ಮನೆ ಪ್ರಿಂಟರುಗಳು ಇಂಕನ್ನು ಅಳೆಯುವುದೇ ಇಲ್ಲ. ಲೆಕ್ಕ ಹಾಕುತ್ತವೆ. ಎಷ್ಟು ಹನಿ ಹಾರಿಸಿದೆ, ಎಷ್ಟು ಸಲ ಹೆಡ್ ತೊಳೆದೆ ಅಂತ ಎಣಿಸಿ, ಮೊದಲಿದ್ದ ಅಂದಾಜಿನಿಂದ ಕಳೆಯುತ್ತವೆ. ಉಳಿದದ್ದೇ ಪರದೆಯ ಮೇಲೆ ಕಾಣುವ ಆ ಬಣ್ಣದ ಕಂಬ. ನಾವು ಒಳಗೆ ಇಂಕ್ ತುಂಬಿದರೂ ಕಂಬ ಏರುವುದಿಲ್ಲ. ಅದಕ್ಕೆ ಗೊತ್ತಾಗುವ ದಾರಿಯೇ ಇಲ್ಲ. ಕೆಲವು ಪ್ರಿಂಟರುಗಳಲ್ಲಿ ಸೂಚನೆಗೆ ಸರಿ ಅಂತ ಒತ್ತಿ ಮುಂದೆ ಹೋಗಬಹುದು. ಕಾರ್ಟ್ರಿಡ್ಜಿನಲ್ಲೇ ಚಿಪ್ ಇರುವ ಕೆಲವು ಮಾಡೆಲ್‌ಗಳು ಪೂರ್ತಿ ನಿಂತುಬಿಡುತ್ತವೆ. ಅಲ್ಲಿ ಚಿಪ್ ರೀಸೆಟ್ ಮಾಡಬೇಕು, ಇಲ್ಲ ಚಿಪ್ ಬದಲಿಸಬೇಕು.

ನ್ಯಾಯವಾಗಿ ಹೇಳಬೇಕು ಅಂದರೆ, ಪೂರ್ತಿ ಒಣಗುವ ಮೊದಲೇ ನಿಲ್ಲಿಸುವುದಕ್ಕೆ ಕಾರಣ ಇದೆ. ಹೀಟರ್ ಕಾದಾಗ ಆ ಬಿಸಿಯನ್ನು ಹೊತ್ತು ಹೋಗುವುದೇ ಇಂಕ್. ಇಂಕ್ ಇಲ್ಲದೆ ಕಾದರೆ ಹೀಟರ್ ಸುಟ್ಟುಹೋಗುತ್ತದೆ. ಪೀಜೋ ಹೆಡ್‌ನೊಳಗೆ ಗಾಳಿ ಹೊಕ್ಕರೆ ತೆಗೆಯುವುದು ಕಷ್ಟ. ಇದನ್ನು ನಾನು ಒಪ್ಪುತ್ತೇನೆ. ಬಣ್ಣ ಮಾಸತೊಡಗಿದ ತಕ್ಷಣ ನಿಲ್ಲಿಸಿ ತುಂಬಿ ಅಂತ ಎಲ್ಲರಿಗೂ ಹೇಳುವುದೂ ಅದಕ್ಕೇ. ಆದರೆ ಎಚ್ಚರಿಸುವುದು ಬೇರೆ, ಬಾಗಿಲು ಹಾಕುವುದು ಬೇರೆ. ನಾನು ಕೊಂಡ ವಸ್ತು, ನನ್ನ ಮೇಜಿನ ಮೇಲಿದೆ, ಒಳಗೆ ಇಂಕೂ ಇದೆ. ಆಗಲೂ ನಡೆಯುವುದಿಲ್ಲ ಅಂದರೆ ಅದು ನನ್ನದು ಹೇಗಾಯಿತು?

ಈ ಪ್ರಶ್ನೆ ದೊಡ್ಡ ಕೋರ್ಟುಗಳಿಗೂ ಹೋಗಿದೆ. 2007ರಲ್ಲಿ ಜಪಾನಿನ ಸುಪ್ರೀಂ ಕೋರ್ಟ್, ಬಳಸಿದ ಇಂಕ್ ಕಾರ್ಟ್ರಿಡ್ಜುಗಳನ್ನು ತೊಳೆದು ಮತ್ತೆ ತುಂಬಿ ಮಾರುತ್ತಿದ್ದವರ ವಿರುದ್ಧ, ಕ್ಯಾನನ್ ಪರವಾಗಿ ತೀರ್ಪು ಕೊಟ್ಟಿತು. ಅದು ಪೇಟೆಂಟ್ ಉಲ್ಲಂಘನೆ ಅಂದಿತು. ಹತ್ತು ವರ್ಷದ ನಂತರ, 2017ರಲ್ಲಿ, ಅಮೆರಿಕದ ಸುಪ್ರೀಂ ಕೋರ್ಟ್ ಲೆಕ್ಸ್‌ಮಾರ್ಕ್ ಕಂಪನಿಯ ಟೋನರ್ (ಲೇಸರ್ ಪ್ರಿಂಟರಿನ ಬಣ್ಣದ ಪುಡಿ) ಕಾರ್ಟ್ರಿಡ್ಜಿನ ಮೊಕದ್ದಮೆಯಲ್ಲಿ ಇದಕ್ಕೆ ವಿರುದ್ಧವಾಗಿ ಹೇಳಿತು. ಒಮ್ಮೆ ಮಾರಿದ ಮೇಲೆ ಆ ವಸ್ತುವಿನ ಮೇಲೆ ಪೇಟೆಂಟ್ ಹಕ್ಕು ಚಲಾಯಿಸಲು ಬರುವುದಿಲ್ಲ ಅಂತ. ಎರಡೂ ತುಂಬಿ ಮಾರುವವರ ಮೊಕದ್ದಮೆಗಳು, ಮನೆಯಲ್ಲಿ ತನಗಾಗಿ ತುಂಬಿಕೊಳ್ಳುವವರದಲ್ಲ. ನನಗೆ ಕಾನೂನು ಅಷ್ಟಾಗಿ ಬರುವುದಿಲ್ಲ, ಆದರೆ ನನ್ನ ಮನಸ್ಸು ಎರಡನೇ ತೀರ್ಪಿನ ಕಡೆ ಇದೆ.

ಎಲ್ಲರೂ ಮನೆಯಲ್ಲೇ ತುಂಬಿಕೊಳ್ಳಿ ಅಂತ ನಾನು ಹೇಳುವುದಿಲ್ಲ. ತಿಂಗಳಿಗೆ ಒಂದು ಪುಟ ತೆಗೆಯುವವರಿಗೆ ಇಂಕ್ ಮುಗಿಯುವ ಮೊದಲು ಒಣಗುತ್ತದೆ. ತುಂಬಾ ಪ್ರಿಂಟ್ ತೆಗೆಯುವವರಿಗೆ ಬಾಟಲಿಯಿಂದ ನೇರ ಸುರಿಯುವ ಇಂಕ್ ಟ್ಯಾಂಕ್ ಪ್ರಿಂಟರುಗಳೇ ವಾಸಿ. ಎಪ್ಸನ್ ಅಂಥದ್ದನ್ನು 2010ರಲ್ಲಿ ಇಂಡೋನೇಷ್ಯಾದಲ್ಲಿ ಮೊದಲು ತಂದಿತು. ಈಗ ಬೇರೆ ಕಂಪನಿಗಳೂ ಮಾಡುತ್ತವೆ. ಗೋಡೆಗೆ ಹಾಕಿ ವರ್ಷಗಟ್ಟಲೆ ಇಟ್ಟುಕೊಳ್ಳುವ ಫೋಟೋಗೆ ನಾನು ರೀಫಿಲ್ ಇಂಕ್ ಬಳಸುವುದಿಲ್ಲ. ಶಾಲೆಯ ಹಾಳೆ, ಅರ್ಜಿ, ನಕಾಶೆ, ಮಕ್ಕಳ ಚಿಟ್ಟೆ, ಇದಕ್ಕೆಲ್ಲ ಧಾರಾಳವಾಗಿ ಸಾಕು.

ಕಾರ್ಟ್ರಿಡ್ಜಿಗೂ ಆಯಸ್ಸಿದೆ. ನನ್ನ ಎರಡನೆಯದು ಏಳು ಸಲ ತುಂಬಿಸಿಕೊಂಡಿತು. ನಾಲ್ಕನೇ ಸಲದಿಂದಲೇ ಅದರ ಹಳದಿ ಕೈಕೊಡತೊಡಗಿತ್ತು. ತುಂಬಿದ ದಿನ ಚೆನ್ನಾಗಿರುತ್ತಿತ್ತು, ಎರಡು ಪುಟ ಆದ ಮೇಲೆ ಮಾಸುತ್ತಿತ್ತು. ಇಂಕ್ ಸರಿ ಇಲ್ಲ ಅಂದುಕೊಂಡು ಬಾಟಲಿ ಬದಲಿಸಿದೆ. ಗಾಳಿ ಬರುತ್ತಿಲ್ಲ ಅಂದುಕೊಂಡು ಲೇಬಲ್ ಮತ್ತೆ ಮತ್ತೆ ಎತ್ತಿ ನೋಡಿದೆ. ಏನೂ ಆಗಲಿಲ್ಲ. ಕೊನೆಗೆ ಹಳದಿ ಪೂರ್ತಿ ನಿಂತಿತು.

ಎಸೆಯಲು ಮನಸ್ಸಾಗಲಿಲ್ಲ. ಸಣ್ಣ ಗರಗಸ ತೆಗೆದುಕೊಂಡು ಅದನ್ನು ಉದ್ದಕ್ಕೆ ಸೀಳಿದೆ. ಮಗಳೂ ಪಕ್ಕದಲ್ಲಿ ಕೂತಿದ್ದಳು. ನೀಲಿ ಮತ್ತು ಗುಲಾಬಿ ಸ್ಪಂಜುಗಳು ಮೇಲಿಂದ ಕೆಳಗಿನವರೆಗೆ ಒಂದೇ ಬಣ್ಣದಲ್ಲಿ ಒದ್ದೆಯಾಗಿದ್ದವು. ಹಳದಿಯ ಸ್ಪಂಜು ಹಾಗಿರಲಿಲ್ಲ. ಮೇಲಿನ ಅರ್ಧ ಗಾಢ ಹಳದಿ, ಬೆರಳಿಟ್ಟರೆ ಇಂಕ್ ಒಸರುತ್ತಿತ್ತು. ಅದರ ಕೆಳಗೆ ಒಂದು ಬೆರಳಿನ ಅಗಲದಷ್ಟು ಒಣಗಿದ, ಬಿಳಿಚಿದ ಪದರ. ಅದರ ಕೆಳಗೆ ಹೆಡ್‌ಗೆ ಇಂಕ್ ಸೋಸಿ ಕೊಡುವ ನುಣ್ಣನೆಯ ಜಾಲರಿ.

ಆ ಜಾಲರಿಗೆ ಸೂಜಿ ಚುಚ್ಚೀತು ಅನ್ನುವ ಹೆದರಿಕೆಯಿಂದ ನಾನು ಪ್ರತಿ ಸಲವೂ ಸೂಜಿಯನ್ನು ಅರ್ಧಕ್ಕೇ ನಿಲ್ಲಿಸುತ್ತಿದ್ದೆ. ನೀಲಿ, ಗುಲಾಬಿ ಯಾವಾಗಲೂ ಸ್ವಲ್ಪ ಉಳಿದಿರುತ್ತಿದ್ದವು, ತಳ ಒದ್ದೆ ಇರುತ್ತಿತ್ತು. ಮೇಲೆ ಹಾಕಿದ ಇಂಕ್ ಕೆಳಗಿನ ಇಂಕಿನ ಜೊತೆ ಕೂಡಿಕೊಳ್ಳುತ್ತಿತ್ತು. ನಮ್ಮ ಮನೆಯಲ್ಲಿ ಬೇಗ ಮುಗಿಯುವುದು ಹಳದಿ. ಅದರ ತಳ ಪ್ರತಿ ಸಲವೂ ಒಣಗಿರುತ್ತಿತ್ತು. ನಡುವೆ ಗಾಳಿ ಕೂತು, ನಾನು ಕೊಟ್ಟ ಇಂಕ್ ಕೆಳಗೆ ಇಳಿಯುತ್ತಲೇ ಇರಲಿಲ್ಲ. ಹಳದಿ ನಿಂತಾಗ, ಹೆಡ್‌ನ ಮಟ್ಟಿಗೆ ಅದು ನಿಜವಾಗಿಯೂ ಖಾಲಿಯಾಗಿತ್ತು. ಮೇಲಿನ ಅರ್ಧ ಸ್ಪಂಜಿನಲ್ಲಿ ಅಷ್ಟು ಇಂಕ್ ಇದ್ದರೂ ಅದು ಹೆಡ್‌ಗೆ ಸಿಗುತ್ತಿರಲಿಲ್ಲ.

ಸೀಳಿದ ತುಂಡಿನ ಪಕ್ಕಕ್ಕೆ ಸೂಜಿ ಹಿಡಿದು ನೋಡಿದೆವು. ಜಾಲರಿಗಿಂತ ಅರ್ಧ ಸೆಂಟಿಮೀಟರ್ ಮೇಲೆ ತುದಿ ನಿಲ್ಲುವ ಹಾಗೆ ಅಳೆದು, ಸೂಜಿಗೆ ಸಣ್ಣ ಟೇಪ್ ಸುತ್ತಿ ಗುರುತು ಮಾಡಿದಳು ಮಗಳು. ಈಗಿನ ಕಾರ್ಟ್ರಿಡ್ಜಿಗೆ ಆ ಗುರುತಿನವರೆಗೆ ಸೂಜಿ ಇಳಿಸಿ, ಇಂಕ್ ಬಿಡುತ್ತಾ ಬಿಡುತ್ತಾ ನಿಧಾನವಾಗಿ ಮೇಲಕ್ಕೆ ಎಳೆದುಕೊಳ್ಳುತ್ತೇನೆ. ಮೊನ್ನೆ ಐದನೇ ಸಲ ತುಂಬಿದೆ. ನಾಜಲ್ ಚೆಕ್ ಪುಟ ಹೊರಗೆ ಬಂದ ತಕ್ಷಣ ಅವಳು ನೀಲಿ ಹಾಳೆ ಕಣ್ಣಿಗೆ ಹಿಡಿದು, ಒಂದೊಂದೇ ಗೆರೆ ಮೇಲೆ ಬೆರಳಾಡಿಸಿ ನೋಡಿದಳು.

"ಹಳದಿ ಎಲ್ಲೂ ತುಂಡಾಗಿಲ್ಲ ಅಪ್ಪಾ," ಅಂದಳು.